ಜಮಖಾನೆಯಾಚೆ ನಿಂತ ಗಾಳಿ

ಹೋದ ಬೇಸಿಗೆಯಲ್ಲಿ ಸಿಂದಗಿಯಲ್ಲಿ ನನ್ನ ತಂಗಿಯ ಮೊಮ್ಮಗಳ ಮದುವೆಯಾಯಿತು. ಬಿಸಿಲು ಎಷ್ಟಿತ್ತೆಂದರೆ ಅಕ್ಕಿಕಾಳು ಹಾಕುವ ಹೊತ್ತಿಗೆ ಕೈಯಲ್ಲಿದ್ದ ಅಕ್ಕಿಯೆಲ್ಲ ಬೆವರಿಗೆ ಅಂಗೈಗೇ ಅಂಟಿಕೊಂಡಿತ್ತು. ಮಂಟಪದವರು ಒಂದು ದೊಡ್ಡ ಕೂಲರ್ ಎಳೆದು ತಂದು ಗೋಡೆಗೆ ನಿಲ್ಲಿಸಿ, ಕೊಡದಿಂದ ನೀರು ಹೊಯ್ದು ಗುಂಡಿ ಒತ್ತಿದರು. ಒಣಗಿ ಕಡ್ಡಿಯಾಗಿದ್ದ ಲಾವಂಚದ ಬೇರಿಗೆ ನೀರು ಬಿದ್ದು ಅದರ ವಾಸನೆ ಎದ್ದಿತು ನೋಡಿ, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

"ಯಾಕ್ರೀ ಅಮ್ಮಾರ, ಆರಾಮ ಅನಸವಲ್ದೇನ್ರಿ?" ಎಂದಳು ಪಕ್ಕದಲ್ಲಿದ್ದವಳು.

"ಆರಾಮ ಅದೇನಿವಾ" ಎಂದೆ. ಆ ವಾಸನೆ ಬೇರೆಯವರಿಗೆ ತಂಪು ತರುತ್ತದೆ. ನನಗೆ ಅದು ಎಪ್ಪತ್ತರ ದಶಕದಲ್ಲಿ ಇದೇ ಊರಲ್ಲಿ ಕಳೆದ ಒಂದು ಬೇಸಿಗೆಯ ದಿಗಿಲನ್ನು ತರುತ್ತದೆ.

ನಮ್ಮವರು ಸೊಲ್ಲಾಪುರದ ಒಂದು ನೂಲಿನ ಗಿರಣಿಯಲ್ಲಿ ಕೆಲಸ ಕಲಿತವರು. ಗಾಳಿ ಒಣಗಿದರೆ ನೂಲು ಹರಿಯುತ್ತದೆ, ಅದಕ್ಕಾಗಿ ಗಿರಣಿಯೊಳಗೆ ತಂಪು ಗಾಳಿ ಹಾಯಿಸುವ ಒಂದು ಖಾತೆಯೇ ಇರುತ್ತದಂತೆ. ಅಲ್ಲಿಂದ ಬಿಟ್ಟು, ಪೇಟೆ ಊರುಗಳಲ್ಲಿ ತಂಪಿನ ಯಂತ್ರ ಕೂಡಿಸುವ ಒಬ್ಬ ಗುತ್ತೇದಾರರ ಕೈಕೆಳಗೆ ಸೇರಿಕೊಂಡಿದ್ದರು. ಒಂದು ಕಟ್ಟಡದೊಳಗೆ ಬಿಸಿ ಎಲ್ಲೆಲ್ಲಿಂದ ಬರುತ್ತದೆ, ಅದನ್ನು ಹೊರಗೆ ಹಾಕಲು ಎಷ್ಟು ಗಾಳಿ ಬೇಕು, ಆ ಗಾಳಿ ಯಾವ ದಾರಿಯಿಂದ ಬಂದು ಯಾವ ದಾರಿಯಿಂದ ಹೋಗಬೇಕು ಎಂದು ಲೆಕ್ಕ ಹಾಕುವುದು ಅವರ ಕೆಲಸ. ನನ್ನ ತವರು ಇಂಗಳೇಶ್ವರದಲ್ಲಿ ಯಾರಾದರೂ "ಅಳಿಯಾ ಏನ್ ಮಾಡ್ತಾನವಾ?" ಎಂದು ಕೇಳಿದರೆ ನನ್ನವ್ವ "ಗಾಳಿ ಲೆಕ್ಕಾ ಮಾಡ್ತಾನ" ಎನ್ನುತ್ತಿದ್ದಳು. ಕೇಳಿದವರು ಅಯ್ಯೋ ಪಾಪ ಎನ್ನುವಂತೆ ಅವಳನ್ನು ನೋಡಿ ಮುಂದೆ ಹೋಗುತ್ತಿದ್ದರು.

ಸಿಂದಗಿಗೆ ಬರುವ ಮೊದಲು ಇಂಡಿ ಊರಲ್ಲಿ ಒಂದು ಪೆಟ್ಟು ಬಿದ್ದಿತ್ತು. ಅಲ್ಲಿಯ ವ್ಯಾಪಾರಿಯೊಬ್ಬರು ಲಿಂಬೆಹಣ್ಣು ಇಡಲು ಒಂದು ತಂಪು ಕೋಣೆ ಮಾಡಿಸಿದ್ದರು. ಗೋಡೆಯ ಬಿಸಿ, ಮಾಳಿಗೆಯ ಬಿಸಿ, ಬಾಗಿಲು ತೆರೆದಾಗ ನುಗ್ಗುವ ಬಿಸಿ ಎಲ್ಲವನ್ನೂ ಇವರು ಲೆಕ್ಕ ಹಿಡಿದಿದ್ದರು. ಆದರೆ ಲಿಂಬೆ ತುಂಬಿದ ಮೇಲೆ ಕೋಣೆ ತಣ್ಣಗಾಗಲೇ ಇಲ್ಲ. ಹಣ್ಣು ಮೆತ್ತಗಾಗಿ ಮೈಮೇಲೆ ಕಪ್ಪು ಚುಕ್ಕಿ ಎದ್ದವು. ಇವರು ಮನೆಗೆ ಬಂದು ಕೆಟ್ಟ ಲಿಂಬೆಯೊಂದನ್ನು ನನ್ನ ಅಂಗೈಯಲ್ಲಿಟ್ಟರು. ಆಮೇಲೆ "ಹಣ್ಣು ಸುದ್ದಾ ಉಸರಾಡತಾವ. ಅದು ನನಗ ಗೊತ್ತಿತ್ತು. ಅಷ್ಟು ಬಿಸಿ ಉಸರು ಬಿಡತಾವ ಅಂತ ಗೊತ್ತಿರಲಿಲ್ಲ" ಎಂದರು.

ಗುತ್ತೇದಾರರು ಬಾಯಿ ಮಾಡಲಿಲ್ಲ, ತಣ್ಣಗೆ ಒಂದೇ ಮಾತು ಹೇಳಿದರಂತೆ. "ಇಂಡಿಯೊಳಗ ಲಿಂಬಿ ಹ್ವಾದವು, ಹೋಗ್ಲಿ. ಸಿಂದಗಿಯೊಳಗ ಮನಶ್ಯಾರು ಕೂತಿರ್ತಾರ. ಇನ್ನೊಮ್ಮೆ ಲೆಕ್ಕಾ ತಪ್ಪಿತಂದ್ರ ನೀ ನಿನ್ನ ಹಾದಿ ಹಿಡಿ."

ಆಗ ನಾನು ಚೊಚ್ಚಲ ಬಸುರಿ.

ಸಿಂದಗಿಯ ಒಬ್ಬ ಸಾವಕಾರರು ಹೊಸ ಟಾಕೀಜು ಕಟ್ಟಿಸುತ್ತಿದ್ದರು. ಅದುವರೆಗೆ ಊರಿಗೆ ಬರುತ್ತಿದ್ದುದು ತಂಬುವಿನ ಸಿನೆಮಾ, ನಾಲ್ಕೂ ಕಡೆ ಗಾಳಿ. ಇದು ಹಾಗಲ್ಲ. ಕಲ್ಲಿನ ಗೋಡೆ, ಮೇಲೆ ಪತ್ರಾಸಿನ ತಗಡು, ಒಳಗೆ ತಂಪು ಗಾಳಿ. ಸುತ್ತ ಎಲ್ಲ ಊರಿಗೂ ಡಂಗುರ ಹೊಡೆದ ಹಾಗೆ ಸುದ್ದಿಯಾಗಿತ್ತು. "ಬ್ಯಾಸಗಿಯೊಳಗ ಚಳಿ ಹತ್ತತೈತಂತ, ಕಂಬಳಿ ತರ್ರಿ" ಎಂದು ಜನ ನಗೆಯಾಡುತ್ತಿದ್ದರು. ನಮ್ಮ ಪಕ್ಕದ ಮನೆಯ ಸೀತವ್ವನಂತೂ ದಿನಾ ಬೆಳಗಾದರೆ ನೀರಿನ ಸರದಿಯಲ್ಲಿ ನಿಂತು, "ಏನ ಗಂಗವ್ವಾ, ನಿನ್ನ ಗಂಡ ನಮ್ಮೂರಿಗೆ ಮಹಾಬಳೇಶ್ವರಾ ತರ್ತಾನಂತಲ್ಲ, ಎಲ್ಲಿತನಾ ಬಂತು?" ಎಂದು ಕೇಳುವಳು. ನಾನು ನಗುತ್ತಿದ್ದೆ. ಒಳಗೆ ಮನೆದೇವರು ಮಲ್ಲಯ್ಯನನ್ನು ನೆನೆಯುತ್ತಿದ್ದೆ.

ನಮ್ಮದು ಎರಡೇ ಅಂಕಣದ ಬಾಡಿಗೆ ಮನೆ. ನೆಲಕ್ಕೆ ಶಹಾಬಾದಿ ಪರಸಿಕಲ್ಲು. ಇವರಿಗೆ ಕಾಗದದ ಮೇಲೆ ಲೆಕ್ಕ ಓಡುತ್ತಿರಲಿಲ್ಲ. ಗಿರಣಿಯ ನೆಲದ ಮೇಲೆ ಬಳಪದಿಂದ ಗಾಳಿಯ ದಾರಿ ಗೀಚಿ ರೂಢಿ. ಹಾಗಾಗಿ ಪಡಸಾಲೆಯ ಪರಸಿಯ ಮೇಲೆ ಇಡೀ ಟಾಕೀಜನ್ನೇ ಬರೆದರು. ಎಡಗೋಡೆಯ ಹೊರಗೆ ಲಾವಂಚದ ದೊಡ್ಡ ದೊಡ್ಡ ತಟ್ಟಿಗಳು, ಅವುಗಳ ಮೇಲೆ ಪಂಪಿನಿಂದ ನೀರು. ತಟ್ಟಿಯ ಹಿಂದೆ ಗಾಳಿ ಎಳೆಯುವ ದೊಡ್ಡ ಫ್ಯಾನು. ತಣ್ಣಗಾದ ಗಾಳಿ ಎಡಗೋಡೆಯ ಜಾಳಿಗೆಗಳಿಂದ ಒಳಗೆ ಬಂದು, ಹಾಲಿನ ಅಡ್ಡಗಲ ದಾಟಿ, ಬಲಗೋಡೆಯ ಮೇಲಿನ ಕಿಂಡಿಗಳಿಂದ ಬಿಸಿಯನ್ನು ಹೊತ್ತುಕೊಂಡು ಹೊರಗೆ ಹೋಗಬೇಕು. ಎಲ್ಲದಕ್ಕೂ ಬಾಣದ ಗುರುತು, ಬಾಣದ ಪಕ್ಕ ಅಂಕಿ.

ದಿನಾ ನೆಲ ಒರೆಸದೆ ಲಿಂಗಪೂಜೆಗೆ ಕೂತವಳಲ್ಲ ನಾನು. ಆ ಬೇಸಿಗೆ ಮಾತ್ರ ಒದ್ದೆ ಅರಿವೆ ಹಿಡಿದು ಅಂಕಿಗಳ ಅಂಚಿನಲ್ಲಿ ಅಂಚಿನಲ್ಲೇ ಒರೆಸಿಕೊಂಡು ಹೋಗುತ್ತಿದ್ದೆ. ಬಂದವರು ತುಳಿಯಬಾರದೆಂದು ಅದರ ಮುಂದೆ ಬೀಸುವ ಕಲ್ಲನ್ನೋ ಹಂಡೆಯನ್ನೋ ಅಡ್ಡ ಇಡುತ್ತಿದ್ದೆ. ಒಮ್ಮೆ ನನ್ನ ಸೆರಗು ತಾಗಿ ಒಂದು ಅಂಕಿಯ ಬಾಲ ಅಳಿಸಿತು. ಇವರು ನೋಡಿ ತಿದ್ದಿಕೊಂಡರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಸಾಲನ್ನು ಮೊದಲಿನಿಂದ ಮತ್ತೆ ಕೂಡಿಸತೊಡಗಿದರು.

ಉಣ್ಣುವಾಗಲೂ ಅದೇ ಮಾತು. ರೊಟ್ಟಿ ಮುರಿದ ಕೈ ಅಲ್ಲೇ ನಿಲ್ಲಿಸಿ ಕೇಳುವರು:

"ಗಂಗಾ, ಒಬ್ಬ ಮನಶ್ಯಾ ಸುಮ್ನ ಕುಂತ್ರೂ ದೊಡ್ಡದೊಂದು ಬಲ್ಬಿನಷ್ಟು ಬಿಸಿ ಬಿಡ್ತಾನ. ಕುರ್ಚಿ ಎಷ್ಟು, ಬಾಕು ಎಷ್ಟು, ಎಲ್ಲಾ ಹಿಡದೇನಿ. ಆದ್ರ ಹೆಣ್ಮಕ್ಕಳು ತೊಡಿ ಮ್ಯಾಲ ಕೂಸಿನ ಕರ್ಕೊಂಡು ಬರ್ತಾರಲ್ಲ, ಅದಕ್ಕ ಏನು ಹಿಡೀಲಿ?"

"ಮಲಗಿದ ಕೂಸಿಗೆ ಅರ್ಧಾ ಬಲ್ಬು ಹಿಡೀರಿ. ಅಳೂ ಕೂಸಿಗೆ ಎರಡು ಹಿಡೀರಿ. ಅವ್ವಗ ಬಿಡೂ ಬಿಸಿ ಬ್ಯಾರೆ."

ಇವರು ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ ಎಂದು ನೆನಪು. ಅವತ್ತಿನ ಪೂಜೆಯಲ್ಲಿ ಅದಕ್ಕೂ ಒಂದು ಹೂ ಏರಿಸಿದೆ. ಸಣ್ಣದಿರಲಿ, ಕೊಟ್ಟದ್ದನ್ನು ನೀನೇ ಕೊಟ್ಟೆ ಎಂದು ದೇವರಿಗೆ ಒಪ್ಪಿಸಬೇಕು. ಅವ್ವ ಕಲಿಸಿದ್ದು ಅದು.

ಪತ್ರಾಸಿನದೇ ಅವರಿಗೆ ದೊಡ್ಡ ಹೆದರಿಕೆ. ಮಧ್ಯಾಹ್ನ ಟಾಕೀಜಿನ ಮೇಲೆ ಹತ್ತಿ ಕೈಯಿಟ್ಟು ನೋಡಿ, ಬೊಬ್ಬೆ ಎಬ್ಬಿಸಿಕೊಂಡು ಬಂದರು. ಸಾವಕಾರರಿಗೆ ದುಂಬಾಲು ಬಿದ್ದು ಮೇಲೆ ಸುಣ್ಣ ಬಳಿಸಿದರು, ಕೆಳಗೆ ಬಿದಿರಿನ ತಟ್ಟಿಯ ಇನ್ನೊಂದು ಛಾವಣಿ ಕಟ್ಟಿಸಿದರು. ಸಾವಕಾರರು ಒಳ್ಳೆಯವರೇ, ಆದರೆ ಅವಸರದ ಮನುಷ್ಯ. "ಏ ಮಾಸ್ತರ, ಗಾಳಿಗೆ ಇಷ್ಟ್ಯಾಕ ಓದಬೇಕೋ? ಫ್ಯಾನು ತಿರಗಿದ್ರ ಗಾಳಿ ಬರತೈತಿ" ಎನ್ನುತ್ತಿದ್ದರಂತೆ.

ಯಂತ್ರ ಕೂಡಿಸಿ ಮುಗಿದ ದಿನ ಇವರು ಓಡುತ್ತ ಮನೆಗೆ ಬಂದು, "ದೇವರ ಮುಂದಿನ ಊದಿನಕಡ್ಡಿ ಕೊಡು, ಇಡೀ ಕಟ್ಟೇ ಕೊಡು" ಎಂದರು.

"ಯಾಕ್ರೀ?"

"ಗಾಳಿ ಕಣ್ಣಿಗೆ ಕಾಣೂದಿಲ್ಲಲ್ಲ. ಹೊಗಿ ಕಾಣತೈತಿ."

ದೇವರ ಸಾಮಾನು ಸಿನೆಮಾದ ಮನೆಗೆ ಕೊಡುವುದೋ ಬೇಡವೋ ಎಂದು ಒಂದು ಗಳಿಗೆ ಹಿಂದುಮುಂದು ನೋಡಿದೆ. ಆಮೇಲೆ, ಉಸಿರು ಕೊಟ್ಟವನಿಗೆ ಗಾಳಿಯ ಕೆಲಸ ಹೊಲಸಲ್ಲ ಎಂದುಕೊಂಡು ಕೊಟ್ಟೆ. ನಾನೂ ನೋಡಲು ಹೋದೆ. ಖಾಲಿ ಹಾಲಿನಲ್ಲಿ ಅಲ್ಲಲ್ಲಿ ಊದಿನಕಡ್ಡಿ ಹಚ್ಚಿಟ್ಟರು. ಫ್ಯಾನು ಶುರುವಾಯಿತು. ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆಗಳೆಲ್ಲ ಒಂದೇ ಸಲ ಬಲಕ್ಕೆ ಬಾಗಿ, ಸಾಲುಗಟ್ಟಿ ಹೊರಟು ಬಲಗೋಡೆಯ ಕಿಂಡಿಗಳನ್ನು ಹೊಕ್ಕವು. ಗುರುಗಳು ಬಂದಾಗ ಜನ ಬಾಗಿದಂತೆ ಕಂಡಿತು ನನಗೆ. ಇವರು ಹಣೆಯ ಬೆವರು ಒರೆಸಿಕೊಂಡು, "ಇನ್ನ ಜನಾ ಕೂಡಬೇಕು, ಆವಾಗ ಖರೆ" ಎಂದರು. ಅವತ್ತೂ ಅವರಿಗೆ ಊಟ ಸೇರಲಿಲ್ಲ.

ಮೊದಲ ಆಟ ಒಂದು ಭಕ್ತಿಯ ಚಿತ್ರ, ಮಧ್ಯಾಹ್ನದ ಸುಡುಬಿಸಿಲಿನಲ್ಲೇ. ತಂಪಿನ ಮಹಿಮೆ ತೋರಿಸಬೇಕಲ್ಲ! ಚಕ್ಕಡಿ ಕಟ್ಟಿಕೊಂಡು ಬಂದವರು, ಬಸ್ಸಿಗೆ ಬಂದವರು, ಜಾತ್ರೆಯಾದಂತಾಯಿತು. ಸೊಲ್ಲಾಪುರದಿಂದ ಗುತ್ತೇದಾರರೂ ಬಂದು ಗಂಡಸರ ಕಡೆ ಮುಂದಿನ ಕುರ್ಚಿಯಲ್ಲಿ ಕೂತರು. ಹೆಂಗಸರ ಜಾಗ ಬಲಗಡೆ, ಒಳಗೆ ಬರಲು ಓಣಿಯ ಕಡೆಯಿಂದ ಬೇರೆ ಬಾಗಿಲು. ಸಾವಕಾರರ ತಾಯಿ, ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು, ಆ ಬಾಗಿಲಲ್ಲೇ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನನ್ನ ಹೊಟ್ಟೆ ನೋಡಿ, "ಬಾ ತಂಗಿ, ನನ್ನ ಬಾಜೂಕ ಕೂಡು. ನಿನ್ನ ಗಂಡನ ಗಾಳಿ ಮೊದಲ ನಿನಗ ಬಡೀಲಿ" ಎಂದು ಕೈಹಿಡಿದು ಕರೆದುಕೊಂಡು ಹೋದರು.

ಒಳಗೆ ಗಂಡಸರಿಗೂ ನಮಗೂ ನಡುವೆ ಜಮಖಾನೆ ಇಳಿಬಿಟ್ಟಿದ್ದರು. ಸಾವಕಾರರ ಮನೆಯ ಮದುವೆಯ ದೊಡ್ಡ ಜಮಖಾನೆಗಳು. ಒಂದಕ್ಕೊಂದು ಹೊಲಿದು, ತಂತಿಗೆ ಕಟ್ಟಿ, ಹಾಲಿನ ಹಿಂದಿನಿಂದ ಮುಂದಿನವರೆಗೆ, ನೆಲಕ್ಕೆ ತಾಗುವಂತೆ ಬಿಟ್ಟದ್ದು. ಅದನ್ನು ನೋಡಿ ಯಾರಿಗೂ ಏನೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ. ತಂಬುವಿನ ಸಿನೆಮಾದಲ್ಲೂ ಹಾಗೇ, ಮದುವೆಯ ಊಟದಲ್ಲೂ ಹಾಗೇ. ನಮ್ಮ ಕಡೆ ಹೆಂಗಸರು ಕೂತರೆಂದರೆ ನಡುವೆ ಒಂದು ಅಡ್ಡ ಇದ್ದೇ ಇರುತ್ತದೆ.

ದೀಪ ಆರುವ ಮೊದಲು ದೊಡ್ಡವ್ವ ಗೋಡೆಯ ಎಲ್ಲಮ್ಮನ ಪಟಕ್ಕೆ ಊದಿನಕಡ್ಡಿ ಬೆಳಗಿ ಅಲ್ಲೇ ಸಿಕ್ಕಿಸಿದರು. ಆಟ ಶುರುವಾಯಿತು.

ಮೊದಮೊದಲು ಮಂದಿ ಕೂತ ಬಿಸಿ ಇರಬೇಕು, ಈಗ ತಂಪಾಗುತ್ತದೆ ಎಂದುಕೊಂಡೆವು. ಗೋಡೆಯಾಚೆ ಫ್ಯಾನು ಭೋರೆನ್ನುವುದು ಕೇಳುತ್ತಿತ್ತು. ಲಾವಂಚದ ವಾಸನೆಯೂ ಬರುತ್ತಿತ್ತು. ತಂಪು ಮಾತ್ರ ಬರಲಿಲ್ಲ. ಬೆವರು ಬೆನ್ನಿನಲ್ಲಿ ಹರಿಯತೊಡಗಿತು. ಕುಪ್ಪಸ ಒದ್ದೆಯಾಯಿತು. ಕೂಸುಗಳು ಒಂದರ ಹಿಂದೆ ಒಂದು ಅಳಹತ್ತಿದವು. ಹೆಂಗಸರು ಸೆರಗು ಬೀಸಿಕೊಳ್ಳುತ್ತಿದ್ದರು.

"ಮಹಾಬಳೇಶ್ವರಾ ಹಾದಿ ತಪ್ಪೇತ ನೋಡು ಗಂಗವ್ವಾ" ಎಂದಳು ಹಿಂದಿನ ಬಾಕಿನಿಂದ ಸೀತವ್ವ. ಸುತ್ತಲಿನವರು ನಕ್ಕರು. ನನಗೆ ಕಣ್ಣು ತುಂಬಿತು. ಇಂಡಿಯ ಲಿಂಬೆಹಣ್ಣುಗಳು ಕಣ್ಣ ಮುಂದೆ ಬಂದವು. ಒಬ್ಬೊಬ್ಬರೂ ಒಂದೊಂದು ಬಲ್ಬು ಎಂದಿದ್ದರಲ್ಲ ಇವರು, ಕತ್ತಲೆಯಲ್ಲಿ ಸುತ್ತಲೂ ನೂರಾರು ಬಲ್ಬು ಉರಿಯುತ್ತಿದ್ದ ಹಾಗೆ ಅನಿಸಿತು. ಶಿವನೇ, ಎಲ್ಲಿ ತಪ್ಪಿತು? ಕೂಸುಗಳಿಗೆ ಕಡಿಮೆ ಹಿಡಿದರೇನೋ? ನಾನು ಹೇಳಿದ ಹಾಸ್ಯದ ಮಾತು ಅವರ ಲೆಕ್ಕ ಕೆಡಿಸಿತೇನೋ?

ಅಷ್ಟರಲ್ಲಿ ಸೀತವ್ವನ ದನಿ ಬೇರೆಯಾಗಿ ಬಂತು. "ಏ ಗಂಗವ್ವಾ, ಈಕಿನ್ನ ನೋಡ ಒಂದೀಟ." ಅವಳ ನಡುವಿನ ಮಗಳು ತಾಯಿಯ ಹೆಗಲ ಮೇಲೆ ಒದ್ದೆ ಅರಿವೆಯಂತೆ ಜೋತು ಬಿದ್ದಿದ್ದಳು. ಕಣ್ಣು ಅರೆ ಮುಚ್ಚಿತ್ತು. ಕರೆದರೆ ಊಂ ಎನ್ನಲಿಲ್ಲ. ಯಾರೋ ನೀರು ಎಂದರು, ನೀರಿನ ಕೊಡ ಖಾಲಿಯಾಗಿತ್ತು.

ಎದ್ದೆ. ಏಳುವಾಗ ಎಲ್ಲಮ್ಮನ ಪಟದ ಮೇಲೆ ಕಣ್ಣು ಬಿತ್ತು. ಊದಿನಕಡ್ಡಿಯ ಹೊಗೆ ನೂಲು ಎಳೆದಂತೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಅವತ್ತು ಖಾಲಿ ಹಾಲಿನಲ್ಲಿ ಬಾಗಿ ನಡೆದ ಹೊಗೆಯಲ್ಲ ಅದು.

ಓಣಿಯ ಬಾಗಿಲು ದಾಟಿ, ಟಾಕೀಜನ್ನು ಸುತ್ತಿ, ಹೊಟ್ಟೆ ಹಿಡಿದುಕೊಂಡು ಬಿಸಿಲಲ್ಲಿ ನಡೆದೆ. ಯಂತ್ರದ ಕೋಣೆಯ ಮುಂದೆ ಇವರು ಕೈಯಲ್ಲಿ ಥರ್ಮಾಮೀಟರ್ ಹಿಡಿದು ನಿಂತಿದ್ದರು. ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಕಳೆ ಬಂದಿತ್ತು.

"ಗಂಗಾ! ಬರೋಬರಿ ಆಗೇತಿ. ಈಗ ಒಳಗ ಹೋಗಿ ನೋಡಿ ಬಂದೆ. ಗುತ್ತೇದಾರರು ಹೆಗಲಿಗೆ ಟಾವೆಲ್ ಹೊತ್ಕೊಂಡಾರ, ಚಳಿ ಅಂತ!"

"ಅದು ಗಂಡಸರ ಕಡೆರೀ. ನಮ್ಮ ಕಡೆ ಜೀವಾ ಹೋಗಾಕತ್ತಾವ್ರಿ. ಸೀತವ್ವನ ಹುಡಿಗಿ ಎಚ್ಚರ ತಪ್ಪೇತಿ."

ಆ ಕಳೆ ಹಾಗೇ ಆರಿಹೋಯಿತು. ಕುಡಿಯುವ ನೀರಿನ ಕೊಡವನ್ನು ತಾವೇ ಹೊತ್ತು ನನ್ನ ಹಿಂದೆ ಓಡಿ ಬಂದರು. ಆದರೆ ಓಣಿಯ ಬಾಗಿಲ ಹೊಸ್ತಿಲಲ್ಲಿ ನಿಂತುಬಿಟ್ಟರು. ಹೆಂಗಸರ ಕಡೆ ಗಂಡಸು ಕಾಲಿಡುವಂತಿಲ್ಲ. ಮುಖ ಓಣಿಯ ಕಡೆ ತಿರುಗಿಸಿ ನಿಂತು ಕೇಳಿದರು:

"ಊದಿನಕಡ್ಡಿ ವಾಸನಿ ಬರಾಕತ್ತೈತಿ. ಹೊಗಿ ಎತ್ತಾಗ ಹೊಂಟೇತಿ?"

"ನೆಟ್ಟಗ ಮ್ಯಾಲ ಹೊಂಟೇತ್ರಿ."

"ಬಾಗೂದ ಇಲ್ಲ?"

"ಅಳ್ಳಾಡೂದೂ ಇಲ್ರಿ."

ಹಣೆ ಹಣೆ ಬಡಿದುಕೊಂಡರು. "ಜಮಖಾನಿ! ಗ್ವಾಡಿ ಹಿಡದೆ, ಪತ್ರಾಸ ಹಿಡದೆ, ತೊಡಿ ಮ್ಯಾಲಿನ ಕೂಸು ಹಿಡದೆ. ಹುಟ್ಟಿದಾಗಿಂದ ನೋಡೂ ಜಮಖಾನಿ, ಅದನ್ನ ಹಿಡೀಲಿಲ್ಲ ನೋಡು. ತಂಪು ಗಾಳಿ ಭಾರ ಗಂಗಾ, ನೆಲಾ ಹಿಡದು ಬರತೈತಿ. ಅದರ ಆಚೀಕ ಕೆರಿ ನಿಂತಂಗ ನಿಂತೇತಿ. ಅದನ್ನ ತಗಸು."

ಮಗುವಿಗೆ ನೀರು ಚಿಮುಕಿಸಲು ಕೊಡ ಕೊಟ್ಟು, ದೊಡ್ಡವ್ವನ ಕಿವಿಯಲ್ಲಿ ಹೇಳಿದೆ. ಅವರು ಚಿತ್ರ ಬಿಟ್ಟು ನನ್ನ ಕಡೆ ತಿರುಗಿದರು.

"ತಗದ್ರ? ಊರ ಸೊಸಿಗೋಳು ಊರ ಗಂಡಸರ ಮುಂದ ಹಂಗ ಕೂಡಬೇಕೇನು? ನಾಳಿಂದ ಒಬ್ಬಾಕಿನ್ನೂ ಮನಿಯಾಗಿಂದ ಬಿಡೂದಿಲ್ಲ, ತಿಳೀತ?"

ಅವರದೂ ಸುಳ್ಳಲ್ಲ. ನನ್ನ ಅತ್ತೆಯೇ ಬಿಡುತ್ತಿರಲಿಲ್ಲ. ಹೊಸ್ತಿಲಾಚೆಯಿಂದ ಇವರ ದನಿ ಬಂತು.

"ಪೂರಾ ತಗಿಯೂದು ಬ್ಯಾಡ್ರೆವ್ವಾ. ಬುಡಾ ಎತ್ತಿ ಕಟ್ರಿ. ಮೊಣಕಾಲ ಮಟ ಸಾಕು."

"ಕಾಲು ಕಾಣತಾವಲ್ಲೋ ಯಪ್ಪಾ!"

ಚಿತ್ರದಲ್ಲಿ ಯಾರೋ ದೇವರನ್ನು ಕೂಗಿ ಕರೆಯುತ್ತಿದ್ದರು. ದೊಡ್ಡವ್ವ ಸೀತವ್ವನ ಮಡಿಲಲ್ಲಿ ಬಿದ್ದಿದ್ದ ಹುಡುಗಿಯನ್ನು ನೋಡಿದರು. ಅವಳ ಕೆನ್ನೆಗೆ ಅಂಗೈ ಹಚ್ಚಿದರು. ಕೈ ತೆಗೆದು ಎದ್ದು ನಿಂತರು.

"ಕಾಣ್ಲಿ ಬಿಡು. ಕಾಲು ಕಂಡ್ರ ಮಾನಾ ಹೋಗೂದಿಲ್ಲ. ಹೆಣಾ ಕಂಡ್ರ ಎಲ್ಲಾ ಹೋಗತೈತಿ. ಏ, ಪಿನ್ನು ಕೊಡ್ರೇ ಎಲ್ಲಾರೂ!"

ನಮ್ಮ ಕಡೆಯ ಹೆಂಗಸರ ಬಳೆಯಲ್ಲಿ, ತಾಳಿಯಲ್ಲಿ ಪಿನ್ನು ಇರದೆ ಇರುತ್ತದೆಯೇ? ಕತ್ತಲೆಯಲ್ಲೇ ಒಂದೊಂದೇ ಬಿಚ್ಚಿ ಕೈಯಿಂದ ಕೈಗೆ ಬಂದವು. ಜಮಖಾನೆಯ ಬುಡ ಮಡಚಿ ಪಿನ್ನು ಹಾಕುತ್ತ ಹಾಕುತ್ತ ಹಿಂದಿನಿಂದ ಮುಂದಕ್ಕೆ ಹೋದೆವು. ಆ ಕಡೆಯಿಂದ ಒಬ್ಬ ಸೀಟಿ ಊದಿದ.

"ಯಾವನಾಂವ?" ದೊಡ್ಡವ್ವನ ದನಿ ಚಿತ್ರದ ದನಿಯ ಮೇಲೆ ಏರಿತು. "ನಿಮ್ಮವ್ವನ ಕಾಲೂ ಇಲ್ಲೇ ಅದಾವ, ಬಗ್ಗಿ ನಮಸ್ಕಾರ ಮಾಡು!"

ಇಡೀ ಟಾಕೀಜು ಬಿದ್ದು ಬಿದ್ದು ನಕ್ಕಿತು. ಮತ್ತೆ ಯಾರೂ ಸೀಟಿ ಊದಲಿಲ್ಲ.

ನಾನು ಬಾಕಿನ ಮೇಲೆ ಬಂದು ಕೂತೆ. ಕಣ್ಣು ಚಿತ್ರದ ಮೇಲೆ ಇಲ್ಲ, ಊದಿನಕಡ್ಡಿಯ ಮೇಲೆ. ಹೊಗೆ ಇನ್ನೂ ನೆಟ್ಟಗೇ ಇತ್ತು. ಇದೂ ಸುಳ್ಳಾದರೆ? ಹೊಟ್ಟೆಯಲ್ಲಿ ಕೂಸು ಒಮ್ಮೆ ಒದೆಯಿತು. ಮಲ್ಲಯ್ಯಾ, ಮಲ್ಲಯ್ಯಾ ಎನ್ನುತ್ತ ಕೂತೆ. ಆಗ, ಹೊಗೆಗಿಂತ ಮೊದಲು, ನನ್ನ ಕಾಲಿಗೆ ಗೊತ್ತಾಯಿತು. ಕಾಲುಂಗುರ ತಣ್ಣಗಾಯಿತು. ಬೆಳ್ಳಿಯಲ್ಲವೇ, ಬೇಗ ತಿಳಿಯುತ್ತದೆ. ಆಮೇಲೆ ಬೆರಳು, ಆಮೇಲೆ ಹಿಮ್ಮಡಿ. ಸೀರೆಯ ನಿರಿಗೆ ಅಲ್ಲಾಡಿತು. ಬಾವಿಯ ಮೆಟ್ಟಿಲಿಳಿದು ನೀರಲ್ಲಿ ಕಾಲಿಟ್ಟ ಹಾಗೆ ತಂಪು ಕೆಳಗಿನಿಂದ ಮೇಲಕ್ಕೆ ಏರುತ್ತ ಬಂತು. ಸಾಲಿನಲ್ಲಿ ಒಬ್ಬೊಬ್ಬರೇ "ಬಂತು, ಬಂತ ನೋಡ" ಎಂದರು. ಪಟದ ಮುಂದಿನ ಹೊಗೆ ಒಮ್ಮೆ ತಡವರಿಸಿ, ತಲೆ ಬಾಗಿಸಿ, ಕಿಂಡಿಯ ಕಡೆ ಹೊರಟಿತು.

ಸೀತವ್ವನ ಮಗಳು ಕಣ್ಣು ಬಿಟ್ಟು, ನೀರು ಕುಡಿದು, "ಯವ್ವಾ, ಪಿಚ್ಚರ್ ಮುಗೀತೇನ?" ಎಂದಳು. ಸೀತವ್ವ ನಗುತ್ತ ಅಳುತ್ತ ಅವಳ ಬೆನ್ನಿಗೆ ಒಂದು ಕೊಟ್ಟಳು.

ಗುತ್ತೇದಾರರಿಗೆ ಇದೊಂದೂ ಗೊತ್ತಿರಲಿಲ್ಲ. ಆಟ ಬಿಟ್ಟ ಮೇಲೆ ಇವರ ಬೆನ್ನು ತಟ್ಟಿ, "ಈ ಸಲ ಲೆಕ್ಕಾ ಬರೋಬರಿ ಆತು" ಎಂದರಂತೆ. ಇವರು "ಇಲ್ರಿ, ಅರ್ಧಾ ಬರೋಬರಿ ಇತ್ರಿ" ಎಂದು ನಡೆದದ್ದೆಲ್ಲ ಹೇಳಿದರು. ನಾನು ಕೇಳಿ ಗಾಬರಿಯಾದೆ, ಯಾಕೆ ಹೇಳಿದಿರಿ ಎಂದೆ. "ಮುಂದ ಮುದ್ದೇಬಿಹಾಳದಾಗ ಐತಿ ಕೆಲಸಾ. ಅಲ್ಲೂ ಹೆಣ್ಮಕ್ಕಳು ಇರ್ತಾರಲ್ಲ" ಎಂದರು. ಗುತ್ತೇದಾರರು ಎಲ್ಲ ಕೇಳಿ, "ಹಂಗಾರ ಮುದ್ದೇಬಿಹಾಳಕ್ಕ ನೀನ ನಡಿ" ಎಂದರಂತೆ. ಅವತ್ತು ಸಂಜೆ ನಾನು ಪಡಸಾಲೆಯ ಪರಸಿಯನ್ನು ಪೂರ್ತಿ ಒರೆಸಿ, ವಿಭೂತಿ ಹಚ್ಚಿಕೊಂಡು, ಮನಸ್ಸು ತುಂಬ ಪೂಜೆಗೆ ಕೂತೆ. ಶ್ರಾವಣದಲ್ಲಿ ತವರಲ್ಲಿ ಹೆಣ್ಣುಕೂಸು ಹುಟ್ಟಿತು. ಬಸವನ ಬಾಗೇವಾಡಿಯ ಗುಡಿಗೆ ಹೋಗಿ ಕೂಸನ್ನು ದೇವರ ಮುಂದೆ ಮಲಗಿಸಿದಾಗ ಇವರು ಕೈಮುಗಿಯುವುದು ಬಿಟ್ಟು ಗರ್ಭಗುಡಿಯ ದೀಪ ಯಾವ ಕಡೆ ವಾಲುತ್ತದೆ ಎಂದು ನೋಡುತ್ತಿದ್ದರು. ಸೆರಗಿನಿಂದ ಮೆಲ್ಲಗೆ ತಿವಿದೆ.

ಆಮೇಲೆ ಅವರು ಎಷ್ಟೋ ಊರಲ್ಲಿ ಕೆಲಸ ಮಾಡಿದರು. ಎಲ್ಲಿ ಹೋದರೂ ಗೋಡೆ ಅಳೆಯುವ ಮೊದಲು ಮಾಲಕರಿಗೆ ಕೇಳುತ್ತಿದ್ದುದು ಒಂದೇ. "ಹೆಣ್ಮಕ್ಕಳು ಎಲ್ಲಿ ಕೂಡ್ತಾರ್ರೀ?" ಒಂದೂರಲ್ಲಿ ಈ ಮಾತಿಗೆ ಹೊಡೆಸಿಕೊಳ್ಳುವುದೊಂದು ಬಾಕಿಯಿತ್ತಂತೆ.

ಈಗ ಅವರಿಲ್ಲ. ಸಿಂದಗಿಯ ಆ ಮದುವೆ ಮಂಟಪದಲ್ಲಿ ಹೆಂಗಸರು ಗಂಡಸರು ಕಲೆತು ಕೂತಿದ್ದರು, ನಡುವೆ ಯಾವ ಜಮಖಾನೆಯೂ ಇರಲಿಲ್ಲ. ಕೂಲರ್ ತಿರುಗುತ್ತಿತ್ತು. ನಾನು ಚಪ್ಪಲಿ ಬಿಟ್ಟು ಪಾದ ನೆಲಕ್ಕೂರಿ ಕಾಯುತ್ತ ಕೂತೆ. ಅವರು ಹೋದ ದಿನವೇ ಹೆಂಗಸರು ನನ್ನ ಕಾಲುಂಗುರ ತೆಗೆಸಿದ್ದರು. ಆದರೂ ತಂಪು ಬಂದಾಗ ಮೊದಲು ಗೊತ್ತಾದದ್ದು ಆ ಬೆರಳಿಗೇ.